ಮುಟ್ಟಿದರೆ ಮಾತಾಡುವ ಗ್ರಾಫ್‌ಗೆ ಯಾವ ಫಂಕ್ಷನಲ್ ಭಾಷೆ? ಎಲಿಕ್ಸರ್, ಕ್ಲೋಜರ್, ಎಫ್ ಶಾರ್ಪ್ ಮತ್ತು ಇನ್ನೂ ಕೆಲವು

ಕೋಲಾರದಿಂದ ಬೆಂಗಳೂರಿಗೆ ದಿನಾ ಓಡಾಡುವ ಒಬ್ಬರು, ಮುಳಬಾಗಿಲು ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗಿ, ಬಂಗಾರಪೇಟೆ ತಾಲ್ಲೂಕಿನ ಒಬ್ಬ ಗಣಿತದ ಮೇಷ್ಟ್ರು. ಈ ಮೂವರೂ ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಫಂಕ್ಷನಲ್ ಭಾಷೆಯಲ್ಲಿ, ಅಂದರೆ ಲೆಕ್ಕವನ್ನೆಲ್ಲ ಗಣಿತದ ಫಂಕ್ಷನ್‌ಗಳ ಹಾಗೆ ಬರೆಯುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಗ್ರಾಫ್ ಮಾಡಬೇಕು, ಬರೀ ಚಿತ್ರ ಸಾಲದು, ಬೆರಳಿಟ್ಟರೆ ಲೆಕ್ಕ ಹೇಳಬೇಕು, ಎಳೆದರೆ ಹಿಗ್ಗಬೇಕು. ಯಾವುದನ್ನು ಹಿಡಿಯಲಿ?

ಪೈಥಾನ್ ತಗೊಳ್ಳಿ ಅಂದುಬಿಟ್ಟರೆ ನನ್ನ ಕೆಲಸ ಮುಗಿಯುತ್ತದೆ. ಆದರೆ ಅವರು ಕೇಳಿದ್ದು ಅದಲ್ಲ. ಒಬ್ಬರಿಗೆ ಆಫೀಸಿನಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಇದೆ. ಇನ್ನೊಬ್ಬಳಿಗೆ ಕಾಲೇಜಿನಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ರುಚಿ ಹತ್ತಿದೆ. ಮೇಷ್ಟ್ರಿಗೆ ಮಕ್ಕಳ ಮುಂದೆ ಫಂಕ್ಷನ್ ಅಂದರೆ ನಿಜವಾಗಲೂ ಫಂಕ್ಷನ್ ಆಗಿರಬೇಕು. ಮೂವರದೂ ನ್ಯಾಯವಾದ ಕಾರಣವೇ.

ಹೋಲಿಕೆಗೆ ಇಳಿಯುವ ಮುಂಚೆ ನಾನೇ ಎಡವಿದ ಒಂದು ಕಥೆ ಹೇಳುತ್ತೇನೆ. ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ನಮ್ಮ ಭಾವ ನರಸಾಪುರದ ಹತ್ತಿರ ಟೊಮೆಟೊ ಬೆಳೆಯುತ್ತಾರೆ. ಅವರಿಗೆ ಅಂತ ಕೋಲಾರ ಎಪಿಎಂಸಿಯ ದರದ ಗ್ರಾಫ್ ಮಾಡಲು ಕೂತೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಮಾರುಕಟ್ಟೆವಾರು ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ (ಹೆಚ್ಚಿನ ಮಾಲು ಮಾರಾಟವಾದ ದರ) ಮೂರೂ ಸಿಗುತ್ತವೆ. ಎಲ್ಲ ಕ್ವಿಂಟಾಲ್ ಲೆಕ್ಕ. ಭಾವನ ನೋಟ್‌ಬುಕ್‌ನಲ್ಲಿ ಇರುವುದು 15 ಕೆಜಿ ಬಾಕ್ಸ್ ಲೆಕ್ಕ. ನಾನು ಯೋಚನೆ ಮಾಡದೆ ಎರಡನ್ನೂ ಒಂದೇ ಗ್ರಾಫ್‌ಗೆ ಹಾಕಿಬಿಟ್ಟೆ. ಮಾರುಕಟ್ಟೆಯ ಗೆರೆ ಆಕಾಶದಲ್ಲಿ, ಭಾವನ ಗೆರೆ ನೆಲಕ್ಕೆ ಅಂಟಿಕೊಂಡು. "ಏನಪ್ಪಾ, ನಾನು ಇಷ್ಟು ಕಮ್ಮಿಗೆ ಮಾರ್ಕೊಂಡಿದೀನಾ?" ಅಂದರು. ಅವರ ಮುಖ ನೋಡಿ ನನಗೆ ನಾಚಿಕೆ ಆಯಿತು.

ಅದನ್ನು ಸರಿ ಮಾಡಿದೆ. ಆಗ ಎರಡನೇ ತೊಂದರೆ ಎದ್ದಿತು. 2023ರ ಜುಲೈ ನೆನಪಿದೆ ಅಲ್ವಾ? ಬಾಕ್ಸ್ 2,000 ರೂಪಾಯಿ ದಾಟಿದ ತಿಂಗಳು. ಕ್ವಿಂಟಾಲ್‌ಗೆ ತಿರುಗಿಸಿದರೆ 13,000ಕ್ಕೂ ಜಾಸ್ತಿ. ಅದೊಂದು ತಿಂಗಳು ಅಂತರಗಂಗೆ ಬೆಟ್ಟದ ಹಾಗೆ ಎದ್ದು ನಿಂತು, ಉಳಿದ ವರ್ಷಗಳನ್ನೆಲ್ಲ ಚಪ್ಪಟೆ ಬಯಲು ಮಾಡಿತ್ತು. ಕಾಗದದ ಗ್ರಾಫ್ ಇಲ್ಲಿ ಸೋಲುತ್ತದೆ. ಬೇಕಾದ ತಿಂಗಳುಗಳನ್ನು ಎಳೆದು ಹಿಗ್ಗಿಸಬೇಕು, ಇಲ್ಲವೇ ಲಾಗ್ ಅಳತೆಗೆ (ಹತ್ತು, ನೂರು, ಸಾವಿರ ಸಮ ದೂರದಲ್ಲಿ ಕೂರುವ ಅಳತೆ) ತಿರುಗಿಸುವ ಒಂದು ಗುಂಡಿ ಬೇಕು. ಮುಟ್ಟುವ ಗ್ರಾಫ್ ಶೋಕಿಗಲ್ಲ ಅಂತ ನನಗೆ ಗೊತ್ತಾಗಿದ್ದು ಆಗ.

ಏನನ್ನು ನೋಡಿ ಅಳೆಯಬೇಕು

ಎಲ್ಲಕ್ಕಿಂತ ಮೊದಲು, ಮುಟ್ಟುವವರು ಯಾರು? ಇಂಟರಾಕ್ಟಿವ್ ಅನ್ನುವ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಆಸೆಗಳಿವೆ. ಜನ ಅವನ್ನು ಕಲಸಿಬಿಡುತ್ತಾರೆ.

ಒಂದು, ನೋಡುವವರು ಗ್ರಾಫ್ ಜೊತೆ ಆಡುವುದು. ಚುಕ್ಕಿಯ ಮೇಲೆ ಬೆರಳಿಟ್ಟರೆ ದರ ಕಾಣಬೇಕು, ಬೇಡದ ಗೆರೆ ಮರೆಯಾಗಬೇಕು, ಒಂದು ಭಾಗ ದೊಡ್ಡದಾಗಬೇಕು. ಇದಕ್ಕೆ ಬೇಕಾದ ಎಲ್ಲ ದತ್ತಾಂಶ ಪುಟದ ಒಳಗೇ ಇರುತ್ತದೆ. ಬ್ರೌಸರ್ ಒಂದೇ ಸಾಕು.

ಎರಡು, ನೋಡುವವರು ಲೆಕ್ಕವನ್ನೇ ಬದಲಿಸುವುದು. ಸ್ಲೈಡರ್ ಸರಿಸಿದರೆ ನೀವು ಬರೆದ ಫಂಕ್ಷನ್ ಮತ್ತೆ ಓಡಿ ಹೊಸ ಗ್ರಾಫ್ ಬರಬೇಕು. ಇದಕ್ಕೆ ಹೆಚ್ಚಿನ ಸಲ ಹಿಂದೆ ಒಂದು ಪ್ರೋಗ್ರಾಂ ಎಚ್ಚರವಾಗಿ ಕೂತಿರಬೇಕು. ಅಂದರೆ ಸರ್ವರ್, ಅಂದರೆ ಖರ್ಚು ಅಥವಾ ತಲೆನೋವು.

ಮೂರು, ಬರೆಯುವವರ ಆಟ. ಒಂದು ಸಾಲು ತಿದ್ದಿದ ಕೂಡಲೇ ಗ್ರಾಫ್ ಬದಲಾಗುವುದು. ಇದು ನಿಮಗೆ ಮಾತ್ರ ಕಾಣುವ ಸುಖ. ಆದರೆ ಕೆಲಸದ ಬಹುಪಾಲು ಹೊತ್ತು ಕಳೆಯುವುದು ಇಲ್ಲೇ.

ಆಮೇಲೆ ನೋಡುವುದು ನಿಮ್ಮ ಯಂತ್ರ. ಇಲ್ಲಿ ಹೇಳುವ ಭಾಷೆ, ಲೈಬ್ರರಿ ಎಲ್ಲವೂ ಉಚಿತ. ಬಜೆಟ್ ಅಂದರೆ ಲ್ಯಾಪ್‌ಟಾಪ್‌ನ ಮೆಮೊರಿ, ಡಿಸ್ಕ್‌ನಲ್ಲಿ ಉಳಿದಿರುವ ಜಾಗ, ದಿನದ ಡೇಟಾ ಪ್ಯಾಕ್. ಇನ್ನೊಂದು, ಕೊನೆಗೆ ಗ್ರಾಫ್ ಯಾರ ಕೈಗೆ, ಹೇಗೆ ಹೋಗುತ್ತದೆ ಅನ್ನುವುದು. ಭಾವನ ಫೋನಿಗೆ ವಾಟ್ಸಾಪ್‌ನಲ್ಲಿ ಹೋಗಬೇಕಾದ್ದು ಒಂದು ದಾರಿ, ಪ್ರಾಜೆಕ್ಟ್ ಗೈಡ್ ಎದುರು ತೆರೆಯಬೇಕಾದ್ದು ಇನ್ನೊಂದು. ಕೊನೆಯದಾಗಿ, ನನ್ನ ಕ್ವಿಂಟಾಲ್ ಪೆಟ್ಟಿನಂಥ ತಪ್ಪನ್ನು ಭಾಷೆ ಎಷ್ಟು ಹಿಡಿದುಕೊಡುತ್ತದೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಇದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ಈ ಭಾಷೆಗಳಲ್ಲಿ ಹೆಚ್ಚಿನವು ತಾವೇ ಗ್ರಾಫ್ ಬಿಡಿಸುವುದಿಲ್ಲ. ಬ್ರೌಸರ್‌ನಲ್ಲಿ ಓಡುವ ಎರಡು ಲೈಬ್ರರಿಗಳ ಕೈಗೆ ಕೆಲಸ ಒಪ್ಪಿಸುತ್ತವೆ. ಒಂದು ವೇಗಾ-ಲೈಟ್, ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕಟ್ಟಿದ್ದು. ಇನ್ನೊಂದು ಪ್ಲಾಟ್ಲಿ, ಅದರ ಜಾವಾಸ್ಕ್ರಿಪ್ಟ್ ಲೈಬ್ರರಿ 2015ರಲ್ಲಿ ಓಪನ್ ಸೋರ್ಸ್ ಆಯಿತು. ಹಾಗಾಗಿ ಎಲಿಕ್ಸರ್‌ನಲ್ಲಿ ಮಾಡಿದ ಗೆರೆ, ಹ್ಯಾಸ್ಕೆಲ್‌ನಲ್ಲಿ ಮಾಡಿದ ಗೆರೆ ಎರಡೂ ಕೊನೆಗೆ ಒಂದೇ ಗೆರೆ. ಅಡುಗೆಯವರು ಬೇರೆ, ಒಲೆ ಒಂದೇ.

ವೇಗಾ-ಲೈಟ್‌ನಲ್ಲಿ ಗ್ರಾಫ್ ಅಂದರೆ ಒಂದು ವಿವರಣೆ. ಅಡ್ಡಕ್ಕೆ ದಿನಾಂಕ, ಮೇಲಕ್ಕೆ ದರ, ಬಣ್ಣಕ್ಕೆ ಮಾರುಕಟ್ಟೆ ಅಂತ ಜೇಸನ್ ರೂಪದಲ್ಲಿ (ಹೆಸರು, ಮೌಲ್ಯದ ಜೋಡಿಗಳಾಗಿ) ಹೇಳಿದರೆ ಆಯಿತು. ಲೀಲ್ಯಾಂಡ್ ವಿಲ್ಕಿನ್ಸನ್ 1999ರಲ್ಲಿ ಮುಂದಿಟ್ಟ ಗ್ರಾಫ್ ವ್ಯಾಕರಣದ ದಾರಿ ಇದು. ಫಂಕ್ಷನಲ್ ಭಾಷೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ವಿವರಣೆ ಸಂಖ್ಯೆಯ ಹಾಗೆ ಒಂದು ಮೌಲ್ಯ ಅಷ್ಟೇ. ಫಂಕ್ಷನ್ ಅದನ್ನು ತೆಗೆದುಕೊಂಡು ಬೇರೊಂದು ವಿವರಣೆ ಕೊಡುತ್ತದೆ, ಮೂಲ ಹಾಗೇ ಉಳಿಯುತ್ತದೆ. ಕೋಲಾರದ ಗ್ರಾಫ್ ಒಂದು ಮಾಡಿಟ್ಟುಕೊಂಡರೆ ಚಿಂತಾಮಣಿಯದು, ಶ್ರೀನಿವಾಸಪುರದ್ದು ಅದರ ಮೇಲೆಯೇ ಹುಟ್ಟುತ್ತವೆ.

ಪ್ಲಾಟ್ಲಿಯದು ಬೇರೆ ಗುಣ. ಏನೂ ಹೇಳದಿದ್ದರೂ ಹಿಗ್ಗಿಸುವುದು, ಗೆರೆ ಮರೆಮಾಡುವುದು, ಬೆರಳಿಟ್ಟರೆ ಸಂಖ್ಯೆ ತೋರಿಸುವುದು ಎಲ್ಲ ತಾನಾಗಿ ಬರುತ್ತದೆ. ಮೂರು ಆಯಾಮದ ಗ್ರಾಫ್ ಇದೆ. ಚುಕ್ಕಿಗಳು ಲಕ್ಷ ದಾಟಿದರೆ ವೆಬ್‌ಜಿಎಲ್ ಮೂಲಕ, ಅಂದರೆ ಗ್ರಾಫಿಕ್ಸ್ ಚಿಪ್ ಬಳಸಿ, ಬಿಡಿಸಬಲ್ಲದು. ಬೆಲೆ ಏನಂದರೆ ಗಾತ್ರ. ಪೂರ್ತಿ ಪ್ಲಾಟ್ಲಿ 3 ಎಂಬಿಗೂ ಜಾಸ್ತಿ. ವೇಗಾ, ವೇಗಾ-ಲೈಟ್ ಮತ್ತು ಅವುಗಳ ಜೋಡಣೆ ಫೈಲ್ ಸೇರಿ ಸುಮಾರು 1 ಎಂಬಿ ಒಳಗೆ. ಟವರ್ ಒಂದು ಕಡ್ಡಿ ತೋರಿಸುವ ತೋಟದಲ್ಲಿ ಇದು ಗೊತ್ತಾಗುವ ವ್ಯತ್ಯಾಸ.

ಎಲಿಕ್ಸರ್ ಮತ್ತು ಲೈವ್‌ಬುಕ್

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಲಿಕ್ಸರ್ ಹುಟ್ಟುಹಾಕಿದ ಜೋಸೆ ವಲೀಮ್ 2021ರಲ್ಲಿ ಲೈವ್‌ಬುಕ್ ಹೊರತಂದರು. ವಿಂಡೋಸ್‌ಗೂ ಮ್ಯಾಕ್‌ಗೂ ಸಾಮಾನ್ಯ ಆ್ಯಪ್ ಥರ ಇನ್‌ಸ್ಟಾಲ್ ಆಗುತ್ತದೆ. ತೆರೆದರೆ ಬ್ರೌಸರ್‌ನಲ್ಲಿ ಒಂದು ನೋಟ್‌ಬುಕ್, ಕೋಡ್ ಮತ್ತು ಗ್ರಾಫ್ ಕೋಶ ಕೋಶವಾಗಿ ಒಟ್ಟಿಗೆ ಕೂರುವ ಪುಟ. ಅದರಲ್ಲಿ ಬೇಕಾದ ಪ್ಯಾಕೇಜ್ ಹೆಸರು ಮೊದಲ ಕೋಶದಲ್ಲಿ ಬರೆದರೆ ಅದೇ ಇಳಿಸಿಕೊಳ್ಳುತ್ತದೆ.

ಇದರಲ್ಲಿ ಸ್ಮಾರ್ಟ್ ಸೆಲ್ ಅಂತ ಒಂದಿದೆ. ಗ್ರಾಫ್‌ನ ಸ್ಮಾರ್ಟ್ ಸೆಲ್ ಹಾಕಿ, ಅಡ್ಡಕ್ಕೆ ಯಾವ ಕಾಲಂ, ಮೇಲಕ್ಕೆ ಯಾವ ಕಾಲಂ ಅಂತ ಪಟ್ಟಿಯಿಂದ ಆರಿಸಿದರೆ ಗ್ರಾಫ್ ಬರುತ್ತದೆ. ಹಿಂದಿರುವ ಕೋಡ್ ನೋಡಬೇಕಾದರೆ ಒಂದು ಗುಂಡಿ ಒತ್ತಿ ಮಾಮೂಲಿ ಕೋಡ್ ಆಗಿ ಬದಲಿಸಿಕೊಳ್ಳಬಹುದು. ಕಲಿಯುವವರಿಗೆ ಇದಕ್ಕಿಂತ ಮೆತ್ತನೆಯ ದಾರಿ ನಾನು ನೋಡಿಲ್ಲ. ಇನ್ನೊಂದು ಒಳ್ಳೆಯ ಗುಣ, ಮೇಲಿನ ಕೋಶ ತಿದ್ದಿದರೆ ಅದನ್ನು ನಂಬಿಕೊಂಡ ಕೆಳಗಿನ ಕೋಶಗಳು ಹಳೆಯವು ಅಂತ ಗುರುತು ಬೀಳುತ್ತದೆ. ಹಳೇ ಲೆಕ್ಕದ ಗ್ರಾಫ್ ನೋಡಿ ಮೋಸಹೋಗುವುದು ತಪ್ಪುತ್ತದೆ.

ಆದರೆ ಲೈವ್‌ಬುಕ್ ನಿಜವಾಗಿ ಮಿಂಚುವುದು ಎರಡನೇ ಆಸೆಯಲ್ಲಿ, ಲೆಕ್ಕವನ್ನೇ ಬದಲಿಸುವುದರಲ್ಲಿ. ಕಿನೋ ಅನ್ನುವ ಪ್ಯಾಕೇಜ್‌ನಿಂದ ಸ್ಲೈಡರ್, ಪಟ್ಟಿ, ಗುಂಡಿ ಎಲ್ಲ ಸಿಗುತ್ತವೆ. ಸ್ಲೈಡರ್ ಸರಿಸಿದರೆ ಎಲಿಕ್ಸರ್ ಫಂಕ್ಷನ್ ಓಡಿ ಹೊಸ ಗ್ರಾಫ್ ಬರುತ್ತದೆ. ಓಡುತ್ತಿರುವ ಗ್ರಾಫ್‌ಗೆ ಒಂದೊಂದೇ ಚುಕ್ಕಿ ತಳ್ಳುತ್ತಾ ಇರಬಹುದು. ಮಳೆ ಮಾಪಕದಿಂದಲೋ ಮೋಟಾರ್ ಸೆನ್ಸರ್‌ನಿಂದಲೋ ಬರುವ ಅಂಕಿಗೆ ಇದು ಹೇಳಿ ಮಾಡಿಸಿದ್ದು. ಎಲಿಕ್ಸರ್‌ನ ಕೆಳಗಿರುವ ಎರ್ಲಾಂಗ್ ಯಂತ್ರ ಹುಟ್ಟಿದ್ದೇ ಟೆಲಿಫೋನ್ ಎಕ್ಸ್‌ಚೇಂಜ್‌ಗೆ. ಒಂದೇ ಸಲ ನೂರು ಕೆಲಸ ಕಾಯುವುದು ಅದರ ರಕ್ತದಲ್ಲಿದೆ.

ತೊಡಕುಗಳೂ ಇವೆ. ಈ ಸ್ಲೈಡರ್ ಆಟ ಇನ್ನೊಬ್ಬರಿಗೆ ಕಾಣಬೇಕಾದರೆ ಲೈವ್‌ಬುಕ್ ಎಲ್ಲೋ ಓಡುತ್ತಿರಬೇಕು. ನೋಟ್‌ಬುಕ್ ಅನ್ನೇ ಆ್ಯಪ್ ಮಾಡಿ ಪಾಸ್‌ವರ್ಡ್ ಹಾಕಿ ಕೊಡುವ ಸೌಲಭ್ಯ ಇದೆ, ಆದರೆ ನಿಮ್ಮ ಲ್ಯಾಪ್‌ಟಾಪ್ ಮುಚ್ಚಿದರೆ ಅದೂ ಮುಚ್ಚಿತು. ಗ್ರಾಫ್ ಒಂದನ್ನೇ ಫೈಲ್ ಆಗಿ ತೆಗೆಯಬೇಕೆಂದರೆ ಇನ್ನೊಂದು ಪ್ಯಾಕೇಜ್ ಸೇರಿಸಬೇಕು. ದತ್ತಾಂಶಕ್ಕೆ ಬಳಸುವ ಎಕ್ಸ್‌ಪ್ಲೋರರ್ ಪ್ಯಾಕೇಜ್ ಒಳಗೆ ರಸ್ಟ್ ಭಾಷೆಯಲ್ಲಿ ಬರೆದ ಪೋಲಾರ್ಸ್ ಲೈಬ್ರರಿ ಇದೆ. ವೇಗ ಚೆನ್ನಾಗಿದೆ, ಆದರೆ ತುಂಬಾ ಹಳೆಯ ಪ್ರೊಸೆಸರ್ ಆದರೆ ಅದಕ್ಕೆಂದೇ ಇರುವ ಹಳೇ ಯಂತ್ರದ ಆವೃತ್ತಿ ಆರಿಸಬೇಕು. ನನ್ನ 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಲೈವ್‌ಬುಕ್ ಪಕ್ಕದಲ್ಲಿ ಮೂರ್ನಾಲ್ಕು ಟ್ಯಾಬ್ ತೆರೆದಿಟ್ಟುಕೊಂಡೇ ಕೆಲಸ ಮಾಡಿದ್ದೇನೆ.

ಕ್ಲೋಜರ್

ಕ್ಲೋಜರ್ ಲಿಸ್ಪ್ ಅನ್ನುವ ಹಳೇ ಭಾಷೆಯ ಕುಟುಂಬದ್ದು. ರಿಚ್ ಹಿಕಿ 2007ರಲ್ಲಿ ಹೊರಬಿಟ್ಟರು. ಜಾವಾ ಯಂತ್ರದ ಮೇಲೆ ಓಡುತ್ತದೆ. ಕಂಸಗಳ ಕಾಡು ಅಂತ ಜನ ಹೆದರುತ್ತಾರೆ. ಎರಡು ವಾರ ಕಳೆದರೆ ಕಂಸ ಕಣ್ಣಿಗೇ ಬೀಳುವುದಿಲ್ಲ, ನಂಬಿ.

ಗ್ರಾಫ್ ವಿಷಯದಲ್ಲಿ ಇದರ ಬಲ ಒಂದೇ, ಆದರೆ ದೊಡ್ಡದು. ವೇಗಾ-ಲೈಟ್ ವಿವರಣೆ ಅಂದರೆ ಜೇಸನ್. ಕ್ಲೋಜರ್‌ನ ಮ್ಯಾಪ್ (ಕೀಲಿ, ಮೌಲ್ಯದ ಜೋಡಿಗಳ ಗುಂಪು) ಹೆಚ್ಚು ಕಡಿಮೆ ಅದೇ ಆಕಾರ. ಹಾಗಾಗಿ ನಡುವೆ ಯಾವ ಲೈಬ್ರರಿಯೂ ಇಲ್ಲದೆ ವಿವರಣೆಯನ್ನು ನೇರವಾಗಿ ಬರೆಯಬಹುದು. ಅಂತರ್ಜಾಲದಲ್ಲಿ ಸಿಕ್ಕ ಯಾವುದೇ ವೇಗಾ-ಲೈಟ್ ಉದಾಹರಣೆ ನಿಮ್ಮದೇ ಆಗುತ್ತದೆ. ಬೇರೆ ಭಾಷೆಗಳಲ್ಲಿ ಲೈಬ್ರರಿ ಬರೆದವರು ಕೊಟ್ಟಷ್ಟೇ ಸಿಗುತ್ತದೆ, ಹೊಸದು ಬಂದರೆ ಅವರಿಗೆ ಕಾಯಬೇಕು. ಇಲ್ಲಿ ಯಾರಿಗೂ ಕಾಯುವುದಿಲ್ಲ.

ನೋಟ್‌ಬುಕ್ ವಿಷಯದಲ್ಲೂ ಇವರ ದಾರಿ ಬೇರೆ. ಕ್ಲರ್ಕ್ ಮತ್ತು ಕ್ಲೇ ಅಂತ ಎರಡು ಸಲಕರಣೆಗಳಿವೆ. ನೀವು ಬರೆಯುವುದು ಮಾಮೂಲಿ ಕ್ಲೋಜರ್ ಫೈಲ್, ನಿಮ್ಮ ಇಷ್ಟದ ಎಡಿಟರ್‌ನಲ್ಲಿ. ಉಳಿಸಿದ ಕೂಡಲೇ ಪಕ್ಕದ ಬ್ರೌಸರ್‌ನಲ್ಲಿ ಪುಟ ತಾಜಾ ಆಗುತ್ತದೆ. ಕ್ಲರ್ಕ್ ಬದಲಾದ ಭಾಗವನ್ನು ಮಾತ್ರ ಮತ್ತೆ ಲೆಕ್ಕ ಹಾಕುತ್ತದೆ, ಉಳಿದದ್ದನ್ನು ನೆನಪಿಟ್ಟುಕೊಂಡಿರುತ್ತದೆ. ಹತ್ತು ವರ್ಷದ ದರ ಓದುವ ನಿಧಾನದ ಸಾಲು ಮೇಲಿದ್ದರೂ, ಕೆಳಗೆ ಬಣ್ಣ ಬದಲಿಸಿದರೆ ಕ್ಷಣದಲ್ಲಿ ಬರುತ್ತದೆ. ಎರಡರಿಂದಲೂ ಸರ್ವರ್ ಬೇಡದ ಎಚ್‌ಟಿಎಂಎಲ್ ಪುಟ ತೆಗೆಯಬಹುದು. ಗ್ರಾಫ್ ವ್ಯಾಕರಣವನ್ನೇ ಕ್ಲೋಜರ್ ಫಂಕ್ಷನ್‌ಗಳಾಗಿ ಬೇಕೆನ್ನುವವರಿಗೆ ಟೇಬಲ್‌ಪ್ಲಾಟ್ ಇದೆ. ಒಂದು ಪದರದ ಮೇಲೆ ಇನ್ನೊಂದು ಪದರ ಹಾಕುತ್ತಾ ಹೋಗುವುದು, ಪ್ಲಾಟ್ಲಿ ಕಡೆಗೂ ಹೋಗುತ್ತದೆ.

ಕಷ್ಟ ಶುರುವಿನಲ್ಲಿದೆ. ಜಾವಾ ಹಾಕಬೇಕು, ಎಡಿಟರ್‌ಗೆ ಕ್ಲೋಜರ್ ಜೋಡಿಸಬೇಕು, ಆರ್‌ಇಪಿಎಲ್ (ಸಾಲು ಬರೆದ ಕೂಡಲೇ ಉತ್ತರ ಕೊಡುವ ಕಿಟಕಿ) ಜೊತೆ ಬಾಳುವ ಅಭ್ಯಾಸ ಬರಬೇಕು. ಲೈವ್‌ಬುಕ್‌ನಲ್ಲಿ ಒಂದು ಸಂಜೆ ಸಾಕು, ಇಲ್ಲಿ ಒಂದು ವಾರ ಇಟ್ಟುಕೊಳ್ಳಿ. ಜಾವಾ ಯಂತ್ರ, ಎಡಿಟರ್, ಬ್ರೌಸರ್ ಮೂರೂ ಒಟ್ಟಿಗೆ ಕೂತರೆ 4 ಜಿಬಿ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. 8 ಜಿಬಿ ಇದ್ದರೆ ನೆಮ್ಮದಿ. ಇನ್ನೊಂದು, ಮ್ಯಾಪ್ ಅಂದರೆ ಕೀಲಿಯ ಹೆಸರಲ್ಲಿ ಒಂದಕ್ಷರ ತಪ್ಪಾದರೂ ಭಾಷೆ ಚಕಾರ ಎತ್ತುವುದಿಲ್ಲ. ಖಾಲಿ ಗ್ರಾಫ್ ನೋಡಿಕೊಂಡು ಕೂರಬೇಕು. ನಾನು ಒಮ್ಮೆ ಅರ್ಧ ರಾತ್ರಿ ಕೂತಿದ್ದೆ.

ಎಫ್ ಶಾರ್ಪ್

ಕ್ವಿಂಟಾಲ್ ಮತ್ತು ಬಾಕ್ಸ್ ಕಲಸಿದ ತಪ್ಪಿಗೆ ನೇರ ಮದ್ದು ಇರುವುದು ಡಾಟ್‌ನೆಟ್ ಮೇಲೆ ಓಡುವ ಈ ಭಾಷೆಯಲ್ಲಿ. ಎಫ್ ಶಾರ್ಪ್‌ನಲ್ಲಿ ಸಂಖ್ಯೆಗೆ ಅಳತೆಯ ಮಾನ ಅಂಟಿಸಬಹುದು. ಇದು ಕ್ವಿಂಟಾಲ್‌ಗೆ ರೂಪಾಯಿ, ಇದು ಬಾಕ್ಸ್‌ಗೆ ರೂಪಾಯಿ ಅಂತ ಹೇಳಿಟ್ಟರೆ, ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದ ಕೂಡಲೇ, ಕೋಡ್ ಓಡುವ ಮುಂಚೆಯೇ ಅದನ್ನು ಪರೀಕ್ಷಿಸುವ ಕಂಪೈಲರ್ ತಡೆಯುತ್ತದೆ. 100 ಕೆಜಿಯ ದರವನ್ನು 15ರಿಂದ ಗುಣಿಸಿ 100ರಿಂದ ಭಾಗಿಸುವ ಫಂಕ್ಷನ್ ದಾಟದೆ ಮುಂದೆ ಹೋಗಲು ಬಿಡುವುದಿಲ್ಲ. ಓಡುವಾಗ ಈ ಮಾನಗಳು ಅಳಿಸಿಹೋಗುತ್ತವೆ, ಆದ್ದರಿಂದ ವೇಗಕ್ಕೆ ಪೆಟ್ಟಿಲ್ಲ. ಬೋರ್‌ವೆಲ್ ಆಳ ಒಬ್ಬರು ಅಡಿಯಲ್ಲಿ, ಇನ್ನೊಬ್ಬರು ಮೀಟರ್‌ನಲ್ಲಿ ಬರೆದುಕೊಡುವ ನಮ್ಮ ಜಿಲ್ಲೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒಂದು ಎಚ್ಚರ. ಗ್ರಾಫ್ ಲೈಬ್ರರಿಗೆ ಕೊಡುವ ಹೊತ್ತಿಗೆ ಮಾನ ತೆಗೆದು ಬರೀ ಸಂಖ್ಯೆ ಮಾಡಿ ಕೊಡುವುದು ರೂಢಿ. ಆ ಕೊನೇ ಹೆಜ್ಜೆಯಲ್ಲಿ ನೀವೇ ಕಾವಲು.

ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಕಾಲಂಗಳ ಫೈಲ್, ಓದುವುದಕ್ಕೆ ಟೈಪ್ ಪ್ರೊವೈಡರ್ ಅಂತ ಇದೆ. ಮಾದರಿ ಫೈಲ್ ತೋರಿಸಿದರೆ ಕಾಲಂಗಳ ಹೆಸರು, ಟೈಪ್ ಅದೇ ಕಂಡುಕೊಳ್ಳುತ್ತದೆ. ಇಲ್ಲದ ಕಾಲಂ ಹೆಸರು ಬರೆದರೆ ಎಡಿಟರ್‌ನಲ್ಲೇ ಕೆಂಪು ಗೆರೆ.

ಗ್ರಾಫ್‌ಗೆ ಪ್ಲಾಟ್ಲಿ ಡಾಟ್‌ನೆಟ್. ದತ್ತಾಂಶವನ್ನು ಪೈಪ್‌ನಲ್ಲಿ ಹರಿಸಿ ಗೆರೆ, ಬಣ್ಣ, ಶೀರ್ಷಿಕೆ ಒಂದೊಂದೇ ಸೇರಿಸುತ್ತಾ ಹೋಗುವುದು. ಕನಿಷ್ಠ, ಗರಿಷ್ಠ, ಮೋಡಲ್ ದರಕ್ಕೆ ಹೊಂದುವ ರೇಂಜ್ ಚಾರ್ಟ್ ಸಿದ್ಧವಾಗಿಯೇ ಇದೆ. ನಡುವೆ ಗೆರೆ, ಮೇಲೆ ಕೆಳಗೆ ತೆಳು ಬಣ್ಣದ ಪಟ್ಟೆ. ಹರಾಜಿನ ದಿನ ಒಳ್ಳೆಯ ಮಾಲಿಗೂ ಸುಮಾರು ಮಾಲಿಗೂ ಎಷ್ಟು ಅಂತರ ಇತ್ತು ಅಂತ ಆ ಪಟ್ಟೆಯ ದಪ್ಪ ಹೇಳುತ್ತದೆ. ಭಾವನಿಗೆ ಹಿಡಿಸಿದ ಗ್ರಾಫ್ ಇದೇ.

ಎರಡನೇ ಆಸೆಯಲ್ಲಿ ಮಾತ್ರ ಇದು ಹಿಂದೆ. ಪ್ಲಾಟ್ಲಿಯ ಸ್ವಂತ ಸ್ಲೈಡರ್ ಇದೆ, ಆದರೆ ಅದು ಮೊದಲೇ ಲೆಕ್ಕ ಹಾಕಿಟ್ಟ ಸ್ಥಿತಿಗಳ ನಡುವೆ ಓಡಾಡುತ್ತದೆ ಅಷ್ಟೇ, ನಿಮ್ಮ ಫಂಕ್ಷನ್ ಅನ್ನು ಮತ್ತೆ ಕರೆಯುವುದಿಲ್ಲ. ಕರೆಯಬೇಕಾದರೆ ವೆಬ್ ಆ್ಯಪ್ ಕಟ್ಟಬೇಕು, ಅದು ಬೇರೆಯದೇ ಕಥೆ. ಡಾಟ್‌ನೆಟ್ ಇಳಿಸಿಕೊಳ್ಳುವ ದಿನ ವೈಫೈ ಹುಡುಕಿಕೊಳ್ಳಿ. ಆಮೇಲೆ ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಉಳಿದವರು, ಬೇಗ ಬೇಗ

ಹ್ಯಾಸ್ಕೆಲ್‌ಗೆ ವೇಗಾ-ಲೈಟ್ ವಿವರಣೆ ಬರೆಯುವ ಎಚ್‌ವೇಗಾ ಇದೆ, ಚೆನ್ನಾಗಿದೆ, ದಾಖಲೆಯೂ ಹೊಟ್ಟೆ ತುಂಬ ಇದೆ. ಆದರೆ ಕಂಪೈಲರ್ ಮತ್ತು ಅದರ ಬಳಗ ಡಿಸ್ಕ್‌ನಲ್ಲಿ ಹಲವು ಜಿಬಿ ತಿನ್ನುತ್ತವೆ. ನೋಟ್‌ಬುಕ್‌ನಲ್ಲಿ ಕೂರಿಸುವುದು ಗಟ್ಟಿ ಮನಸ್ಸಿನವರ ಕೆಲಸ. ಲೆಕ್ಕವೆಲ್ಲ ಈಗಾಗಲೇ ಹ್ಯಾಸ್ಕೆಲ್‌ನಲ್ಲಿದ್ದರೆ ತಗೊಳ್ಳಿ. ಗ್ರಾಫ್‌ಗೆ ಅಂತಲೇ ಹ್ಯಾಸ್ಕೆಲ್ ಕಲಿಯಲು ಹೊರಟರೆ ಊರು ಸುತ್ತಿ ಊರಿಗೇ ಬಂದ ಹಾಗೆ.

ಎಲ್ಮ್ ಬೇರೆ ಜಾತಿ. ಇದು ನೇರವಾಗಿ ವೆಬ್ ಪುಟ ಮಾಡುವ ಭಾಷೆ. ಬರೆದದ್ದೆಲ್ಲ ಚಿಕ್ಕ ಜಾವಾಸ್ಕ್ರಿಪ್ಟ್ ಆಗಿ ಇಳಿಯುತ್ತದೆ. ಸ್ಲೈಡರ್ ಸರಿಸಿದರೆ ಲೆಕ್ಕ ನೋಡುವವರ ಫೋನಿನಲ್ಲೇ ಓಡುತ್ತದೆ, ಸರ್ವರ್ ಬೇಡ. ಮೊದಲ ಎರಡೂ ಆಸೆ ಒಂದೇ ಕಲ್ಲಿಗೆ. ಎಲ್ಮ್-ಚಾರ್ಟ್ಸ್ ಮುದ್ದಾಗಿದೆ, ವೇಗಾಗೆ ಎಲ್ಮ್-ವೇಗಾ ಇದೆ, ಹ್ಯಾಸ್ಕೆಲ್‌ನ ಎಚ್‌ವೇಗಾ ಕೂಡ ಅದರ ನೆರಳಲ್ಲೇ ಬೆಳೆದದ್ದು. ಆದರೆ ದತ್ತಾಂಶ ತೊಳೆದು ಒಣಗಿಸುವ ಕೆಲಸ ಬೇರೆ ಕಡೆ ಮುಗಿಸಿಕೊಂಡು ಬರಬೇಕು. ಭಾಷೆಯ ಬೆಳವಣಿಗೆಯೂ ನಿಧಾನ. 0.19.1 ಆವೃತ್ತಿ ಬಂದದ್ದು 2019ರಲ್ಲಿ.

ರ‍್ಯಾಕೆಟ್ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಬೇಜಾರು. ಇದೂ ಲಿಸ್ಪ್ ಕುಟುಂಬದ್ದೇ. ಒಂದೇ ಇನ್‌ಸ್ಟಾಲರ್, ಅದರಲ್ಲೇ ಡಾಕ್ಟರ್ ರ‍್ಯಾಕೆಟ್ ಎಡಿಟರ್, ಅದರಲ್ಲೇ ಪ್ಲಾಟ್ ಲೈಬ್ರರಿ. ಬ್ರೌಸರ್ ಬೇಡ, ನೆಟ್ ಬೇಡ. ಸೈನ್ ಫಂಕ್ಷನ್ ಕೊಟ್ಟು ಪ್ಲಾಟ್ ಅಂದರೆ ಕೆಳಗೇ ಗ್ರಾಫ್. ಮೌಸ್‌ನಿಂದ ಚೌಕ ಎಳೆದರೆ ಆ ಭಾಗ ದೊಡ್ಡದಾಗುತ್ತದೆ. ಮೂರು ಆಯಾಮದ ಗ್ರಾಫ್ ಆದರೆ ಹಿಡಿದು ತಿರುಗಿಸಬಹುದು. ಚುಕ್ಕಿ ಮೇಲೆ ಮೌಸ್ ಇಟ್ಟರೆ ಸಂಖ್ಯೆ ತೋರಿಸುವುದು ತಾನಾಗಿ ಬರುವುದಿಲ್ಲ, ಫೋನಿಗೆ ಕಳಿಸಿದರೆ ಅದು ಬರೀ ಚಿತ್ರ. ಆದರೆ ತರಗತಿಯ ಕೋಣೆಯಲ್ಲಿ ಇದಕ್ಕಿಂತ ಇನ್ನೇನು ಬೇಕು?

ಆರ್ ಭಾಷೆಯನ್ನು ಯಾಕೆ ಬಿಟ್ಟಿರಿ ಅಂತ ಕೇಳಬಹುದು. ಅದರ ಒಳಗುಣ ಫಂಕ್ಷನಲ್ಲೇ, ಗ್ರಾಫ್ ಬಿಡಿಸುವ ಜಿಜಿಪ್ಲಾಟ್2 ಮತ್ತು ವೆಬ್ ಆ್ಯಪ್ ಕಟ್ಟುವ ಶೈನಿ ಇವೆಲ್ಲಕ್ಕೂ ಅಣ್ಣಂದಿರು. ಅಂಕಿಅಂಶವೇ ನಿಮ್ಮ ಮುಖ್ಯ ಕೆಲಸ ಆಗಿದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಆರ್ ಕಡೆ ಹೋಗಿ, ನನಗೇನೂ ಬೇಸರವಿಲ್ಲ.

ಯಾವುದನ್ನು ಹಿಡಿದರೂ ಕಾಡುವ ಸಂಗತಿಗಳು

ದಿನಾಂಕ. ನಾವು ಬರೆಯುವುದು ದಿನ, ತಿಂಗಳು, ವರ್ಷ. ಬ್ರೌಸರ್ ಓದುವುದು ತಿಂಗಳು, ದಿನ, ವರ್ಷ. 05/07/2023 ಅಂತ ಹಾಗೇ ಕೊಟ್ಟರೆ ಜುಲೈ 5 ಹೋಗಿ ಮೇ 7 ಆಗುತ್ತದೆ. 13ನೇ ತಾರೀಖಿನಿಂದ ಮುಂದೆ ಚುಕ್ಕಿಗಳೇ ಮಾಯ, ಯಾಕೆಂದರೆ 13ನೇ ತಿಂಗಳು ಇಲ್ಲ. ಪ್ರತಿ ತಿಂಗಳ ಮೊದಲ 12 ದಿನ ಮಾತ್ರ ಇರುವ ವಿಚಿತ್ರ ಗ್ರಾಫ್ ಕಂಡರೆ ಕಾರಣ ಇದೇ. ನಿಮ್ಮ ಭಾಷೆಯ ಒಳಗೇ ದಿನಾಂಕ ಬಿಡಿಸಿ, ವರ್ಷ ಮೊದಲು ಬರುವ ರೂಪದಲ್ಲಿ ಕಳಿಸಿ.

ಕನ್ನಡ ಅಕ್ಷರ. ಬ್ರೌಸರ್‌ನಲ್ಲಿ ಬಿಡಿಸುವ ಎಲ್ಲದರಲ್ಲೂ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಆ ಕೆಲಸ ಬ್ರೌಸರ್‌ನದು. ಹಿಂದೆ ಬೇರೆ ಭಾಷೆಯ ಒಂದು ಲೈಬ್ರರಿಯಲ್ಲಿ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ ಬಿದ್ದಿದ್ದನ್ನು ನೋಡಿದವನಿಗೆ ಇದು ಸಣ್ಣ ಸಮಾಧಾನವಲ್ಲ. ವೇಗಾ-ಲೈಟ್‌ನಲ್ಲಿ ಲೊಕೇಲ್ (ಭಾಷೆ, ಅಂಕಿಯ ರೂಢಿ ಹೇಳುವ ಪಟ್ಟಿ) ಕೊಟ್ಟರೆ ತಿಂಗಳ ಹೆಸರನ್ನೂ ಕನ್ನಡದಲ್ಲಿ ತರಬಹುದು. ಅಂಕಿಯ ಗುಂಪನ್ನು 3, 2, 2 ಅಂತ ಹೇಳಿದರೆ 1,25,000 ನಮ್ಮ ಲಕ್ಷದ ಲೆಕ್ಕದಲ್ಲೇ ಕಾಣುತ್ತದೆ.

ಫೋನು. ಮೌಸ್ ಸುಳಿದಾಡಿಸುವುದು ಅಂತ ಫೋನಿನಲ್ಲಿ ಇಲ್ಲವೇ ಇಲ್ಲ, ತಟ್ಟಬೇಕು. ಚುಕ್ಕಿ ಚಿಕ್ಕದಿದ್ದರೆ ಬೆರಳಿಗೆ ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ದಪ್ಪ ಮಾಡಿ. ಪ್ಲಾಟ್ಲಿಯಲ್ಲಿ ಪುಟ ಸರಿಸಲು ಬೆರಳು ಎಳೆದರೆ ಗ್ರಾಫ್ ಹಿಗ್ಗಿಬಿಡುತ್ತದೆ. ಡ್ರ್ಯಾಗ್‌ಮೋಡ್ ಆಫ್ ಮಾಡಿದರೆ ಆ ಕಾಟ ತಪ್ಪುತ್ತದೆ. ಎಚ್‌ಟಿಎಂಎಲ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿ ನೋಡಿದ್ದೇನೆ. ಕೆಲವು ಫೋನಿನಲ್ಲಿ ಚೆನ್ನಾಗಿ ತೆರೆಯಿತು, ಕೆಲವದರಲ್ಲಿ ಬಿಳೀ ಪುಟ. ಗ್ರಾಫ್ ಲೈಬ್ರರಿಯನ್ನು ಹೊರಗಿನಿಂದ ಎಳೆದುಕೊಳ್ಳುವ ಫೈಲ್ ಆದರೆ ನೆಟ್ ಇಲ್ಲದಾಗ ಏನೂ ಬರುವುದಿಲ್ಲ. ಗಿಟ್‌ಹಬ್ ಪೇಜಸ್‌ನಂಥ ಉಚಿತ ಜಾಗದಲ್ಲಿ ಪುಟ ಇಟ್ಟು ಲಿಂಕ್ ಕಳಿಸುವುದೇ ಕ್ಷೇಮ.

ಸ್ಲೈಡರ್ ಬೇಕು ಅಂದ ತಕ್ಷಣ ಸರ್ವರ್ ಹುಡುಕಬೇಡಿ. ಸೋಸುವುದು, ಕೂಡಿಸುವುದು, ಸರಾಸರಿ ತೆಗೆಯುವುದು, ಇಷ್ಟನ್ನು ವೇಗಾ-ಲೈಟ್ ಬ್ರೌಸರ್ ಒಳಗೇ ಮಾಡುತ್ತದೆ. ವಿವರಣೆಯಲ್ಲೇ ಸ್ಲೈಡರ್ ಕಟ್ಟಬಹುದು. ನಿಮ್ಮದೇ ಮಾಡೆಲ್ ಓಡಬೇಕಾದಾಗ, ಇಲ್ಲವೇ ದತ್ತಾಂಶ ಫೋನಿಗೆ ಇಳಿಸಲಾಗದಷ್ಟು ದೊಡ್ಡದಿದ್ದಾಗ ಮಾತ್ರ ಹಿಂದೊಂದು ಪ್ರೋಗ್ರಾಂ ಬೇಕು.

ಕೇಳಿದ ಮೂವರಿಗೆ

ಮುಳಬಾಗಿಲಿನ ಹುಡುಗಿಯ ಪ್ರಾಜೆಕ್ಟ್ ಕೆಸಿ ವ್ಯಾಲಿ ನೀರಿನದು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರಲು ಶುರುವಾದ ಮೇಲೆ ಸುತ್ತಲಿನ ಬೋರ್‌ವೆಲ್‌ಗಳ ಮಟ್ಟ ಏನಾಯಿತು, ಕೆರೆಯಿಂದ ದೂರ ಹೋದ ಹಾಗೆ ಹೇಗೆ ಬದಲಾಗುತ್ತದೆ ಅಂತ ತೋರಿಸಬೇಕು. ಲ್ಯಾಪ್‌ಟಾಪ್ 4 ಜಿಬಿ. ಲೈವ್‌ಬುಕ್ ತಗೊಳ್ಳಮ್ಮ. ದೂರದ ಸ್ಲೈಡರ್ ಗೈಡ್ ಎದುರು ನಿನ್ನ ಯಂತ್ರದಲ್ಲೇ ಓಡಿದರೆ ಸಾಕು, ಸರ್ವರ್ ಚಿಂತೆ ಇಲ್ಲ. ವರದಿಯ ಜೊತೆ ನೋಟ್‌ಬುಕ್ ಫೈಲನ್ನೂ ಕೊಡು, ಅದು ಮಾರ್ಕ್‌ಡೌನ್ ಅನ್ನುವ ಬರೀ ಪಠ್ಯ, ಯಾವ ಎಡಿಟರ್‌ನಲ್ಲೂ ಓದಬಹುದು. ಅಡಿ ಮತ್ತು ಮೀಟರ್ ಬಗ್ಗೆ ಮಾತ್ರ ಕಣ್ಣಿಟ್ಟಿರು, ಎಲಿಕ್ಸರ್ ಅದನ್ನು ಹಿಡಿದುಕೊಡುವುದಿಲ್ಲ. ಕಾಲಂ ಹೆಸರಿನಲ್ಲೇ ಮಾನ ಬರೆದಿಡುವ ಅಭ್ಯಾಸ ಮಾಡಿಕೊ.

ದಿನಾ ಓಡಾಡುವವರಿಗೆ ಆಫೀಸಿನಲ್ಲಿ ಡಾಟ್‌ನೆಟ್ ಇದೆ, ಮನೆಯಲ್ಲಿ ಮಂಡಿ ವ್ಯವಹಾರ ಇದೆ. ಎಫ್ ಶಾರ್ಪ್ ಬಿಟ್ಟು ಬೇರೆ ಯೋಚನೆ ಬೇಡ. ರೈಲಿನಲ್ಲಿ ನೆಟ್ ಇಲ್ಲದೆಯೂ ಬರೆಯಬಹುದು. ಪ್ಲಾಟ್ಲಿಯನ್ನು ಫೈಲ್ ಒಳಗೇ ಸೇರಿಸಿ ತೆಗೆಯುವ ಆಯ್ಕೆ ಇದೆ. ಫೈಲ್ ದಪ್ಪ ಆಗುತ್ತದೆ, ಆದರೆ ನೆಟ್ ಇಲ್ಲದ ಕಡೆಯೂ ತೆರೆಯುತ್ತದೆ. ಮುಂದೆ ಒಂದು ದಿನ ಎಲ್ಲ ಮಾರುಕಟ್ಟೆ, ಎಲ್ಲ ತರಕಾರಿಗೆ ಗ್ರಾಫ್ ಹುಟ್ಟಿಸುವ ದೊಡ್ಡ ಆಸೆ ಬಂದರೆ, ಕೈಯಲ್ಲಿ 8 ಜಿಬಿಯೂ ಸ್ವಲ್ಪ ತಾಳ್ಮೆಯೂ ಇದ್ದರೆ, ಆಗ ಕ್ಲೋಜರ್ ಕಡೆ ನೋಡಿ. ನಾನು ಈಗ ಅಲ್ಲೇ ಇದ್ದೇನೆ.

ಮೇಷ್ಟ್ರೇ, ನಿಮಗೆ ರ‍್ಯಾಕೆಟ್. ಶಾಲೆಯ ಕಂಪ್ಯೂಟರ್‌ಗಳಿಗೆ ಪೆನ್‌ಡ್ರೈವ್‌ನಲ್ಲೇ ಇನ್‌ಸ್ಟಾಲರ್ ಒಯ್ಯಬಹುದು. ಮೊದಲ ದಿನ ವರ್ಗ ಸಮೀಕರಣದ ಗ್ರಾಫ್ ಹಾಕಿಸಿ. ಅಕ್ಷ ಮುಟ್ಟುವ ಜಾಗವನ್ನು ಮಕ್ಕಳೇ ಮೌಸ್‌ನಲ್ಲಿ ಚೌಕ ಎಳೆದು ದೊಡ್ಡದು ಮಾಡಿಕೊಳ್ಳಲಿ. ಉತ್ತರ 2 ಅಥವಾ 1.99 ಅನ್ನುವ ಜಗಳ ಅಲ್ಲೇ ಶುರುವಾಗುತ್ತದೆ, ಪಾಠವೂ.